ಗೋಡೆಗೆ ಇಟ್ಟಿಗೆಯೋ, ಬ್ಲಾಕೋ, ಎಎಸಿಯೋ, ಮಣ್ಣೋ? ಸರ್ಕಾರಿ ಸಂಶೋಧನೆ ಮತ್ತು ಐಎಸ್ ಮಾನಕಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಮನೆ ಕಟ್ಟಲು ಹೊರಟವರು ನನ್ನ ಹತ್ತಿರ ಬಂದು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸಾರ್, ಇಟ್ಟಿಗೆ ಒಳ್ಳೇದಾ, ಬ್ಲಾಕ್ ಒಳ್ಳೇದಾ?" ನಾನು ತಿರುಗಿ ಎರಡು ಕೇಳುತ್ತೇನೆ. ಗೋಡೆ ಭಾರ ಹೊರುತ್ತಾ, ಇಲ್ಲ ಪಿಲ್ಲರ್ ನಡುವೆ ಬರೀ ಮರೆಯಾಗಿ ನಿಲ್ಲುತ್ತಾ? ಪಾಯ ಇಳಿಯುವ ಮಣ್ಣು ಕೆಂಪೋ, ಎರೆಯೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ. ಉಳಿದರ್ಧಕ್ಕೆ ಬೇಕಾಗಿರುವುದು ಕೆಲವು ಸಂಖ್ಯೆಗಳು. ಅವನ್ನು ಸರ್ಕಾರ ನಮ್ಮ ತೆರಿಗೆ ಹಣದಲ್ಲೇ ಪರೀಕ್ಷೆ ಮಾಡಿಸಿ, ಅಚ್ಚು ಹಾಕಿಸಿ ಇಟ್ಟಿದೆ. ಮನೆ ಕಟ್ಟುವವರಲ್ಲಿ ಹೆಚ್ಚಿನವರು ಆ ಪುಟಗಳನ್ನು ತೆರೆದು ನೋಡಿರುವುದಿಲ್ಲ. ಮೇಸ್ತ್ರಿ ಹೇಳಿದ್ದು, ಪಕ್ಕದ ಮನೆಯವರು ಮಾಡಿದ್ದು, ಬ್ಲಾಕ್ ಫ್ಯಾಕ್ಟರಿಯವರು ಫೋನಿನಲ್ಲಿ ಹೇಳಿದ್ದು, ಇಷ್ಟರಲ್ಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ಇಲ್ಲಿ ಹೇಳುತ್ತಿರುವುದು ಕರ್ನಾಟಕದಲ್ಲಿ ನೆಲಮಹಡಿ ಮತ್ತು ಅದರ ಮೇಲೊಂದು ಮಹಡಿ ಕಟ್ಟುವವರಿಗಾಗಿ. ಅದಕ್ಕಿಂತ ಎತ್ತರ ಹೋಗುವವರು ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಯಾರ ಮಾತು ಎಷ್ಟು ತೂಕದ್ದು

ಮೊದಲು ಈ ಸಂಸ್ಥೆಗಳ ಪರಿಚಯ ಆಗಲಿ, ಏಕೆಂದರೆ ಮಾರಾಟಕ್ಕೆ ಬರುವವರು "ಗವರ್ನಮೆಂಟ್ ಅಪ್ರೂವ್ಡ್" ಎಂಬ ಮಾತನ್ನು ಧಾರಾಳವಾಗಿ ಬಳಸುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ, ಅಂದರೆ ಸಿಬಿಆರ್‌ಐ, 1947ರಿಂದ ಇದೆ. ಹೊಸ ವಿಧಾನಗಳನ್ನು ಪ್ರಯೋಗಾಲಯದಲ್ಲಿ ಕಟ್ಟಿ, ಒಡೆದು, ಅಳೆದು ನೋಡುವುದು ಅದರ ಕೆಲಸ. 1990ರಲ್ಲಿ ಹುಟ್ಟಿದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನಾ ಮಂಡಳಿ, ಅಂದರೆ ಬಿಎಂಟಿಪಿಸಿ, ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ಕೈಕೆಳಗಿದೆ. ಮಾನಕ ಇನ್ನೂ ರೂಪುಗೊಳ್ಳದ ಹೊಸ ಸಾಮಗ್ರಿಗೆ ಪರೀಕ್ಷೆ ನಡೆಸಿ ಸಾಮರ್ಥ್ಯ ಪ್ರಮಾಣಪತ್ರ ಕೊಡುವುದು ಅದೇ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಇವೆಲ್ಲದರ ಸಾರವನ್ನು "ಐಎಸ್" ಎಂಬ ಸಂಖ್ಯೆ ಹೊತ್ತ ದಾಖಲೆಗಳಾಗಿ ಹೊರತರುತ್ತದೆ. ಆ ಎಲ್ಲವನ್ನೂ ಒಂದೆಡೆ ಕಟ್ಟಿದ ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿ ಮೊದಲು ಬಂತು. ಆಮೇಲೆ 1983, 2005 ಮತ್ತು 2016ರಲ್ಲಿ ಪರಿಷ್ಕರಣೆಯಾಯಿತು.

ಒಂದು ಸೂಕ್ಷ್ಮ ಇದೆ. ಸಂಹಿತೆ ತಾನಾಗಿ ಕಾನೂನಲ್ಲ. ನಿಮ್ಮ ಪಾಲಿಕೆಯೋ ಪುರಸಭೆಯೋ ತನ್ನ ಬೈಲಾದಲ್ಲಿ ಎಷ್ಟನ್ನು ಸೇರಿಸಿಕೊಂಡಿದೆಯೋ ಅಷ್ಟೇ ಕಡ್ಡಾಯ. ಹಾಗೆಯೇ ಸಿಮೆಂಟಿಗೆ, ಕಬ್ಬಿಣಕ್ಕೆ ಐಎಸ್‌ಐ ಗುರುತು ಇರಲೇಬೇಕು. ಗೂಡಿನಲ್ಲಿ ಸುಟ್ಟ ಇಟ್ಟಿಗೆಗೆ ಆ ಒತ್ತಾಯವಿಲ್ಲ. ಹಾಗಾಗಿ ಮನೆಯ ಗೋಡೆಯ ಗುಣಮಟ್ಟ ಕಾಯುವ ಹೊಣೆ ಕೊನೆಗೆ ಬೀಳುವುದು ಮನೆ ಕಟ್ಟಿಸುವವರ ಮೇಲೆಯೇ. ಬಿಐಎಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಮಾನಕಗಳನ್ನು ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಇಂಗ್ಲಿಷ್ ಒರಟು, ಕೋಷ್ಟಕಗಳು ಮಾತ್ರ ಸ್ಪಷ್ಟ.

ಹೊರುವ ಗೋಡೆ, ಮರೆಯ ಗೋಡೆ

ಈಗ ಊರೂರಲ್ಲೂ 30×40 ಸೈಟಿನಲ್ಲಿ ಪಿಲ್ಲರ್ ಎಬ್ಬಿಸುವುದು ರೂಢಿ. ಎರಡೇ ಮಹಡಿ, ಗಟ್ಟಿ ಕೆಂಪು ಮಣ್ಣು, ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೇ ಕೂರುವಂಥ ನಕ್ಷೆ ಇದ್ದರೆ ಪಿಲ್ಲರ್ ಇಲ್ಲದ ಭಾರ ಹೊರುವ ಗೋಡೆ ಧಾರಾಳವಾಗಿ ಸಾಕು ಎಂಬುದು ನನ್ನ ಮಾತು. ಕಬ್ಬಿಣ ಉಳಿಯುತ್ತದೆ, ಸೆಂಟ್ರಿಂಗ್ ಉಳಿಯುತ್ತದೆ. ಆದರೆ ಮುಂದೆಂದಾದರೂ ಮೂರನೇ ಮಹಡಿ ಎಬ್ಬಿಸುವ ಆಸೆ ಮನಸ್ಸಿನ ಮೂಲೆಯಲ್ಲಿದ್ದರೂ, ಕೆಳಗೆ ಕಾರು ನಿಲ್ಲಿಸಲು ಗೋಡೆಯಿಲ್ಲದ ಜಾಗ ಬೇಕಿದ್ದರೂ ಪಿಲ್ಲರಿಗೇ ಹೋಗಿ.

ಭಾರ ಹೊರುವ ಗೋಡೆಯ ಲೆಕ್ಕ ಐಎಸ್ 1905ರಲ್ಲಿದೆ. ಒಂದು ಸಣ್ಣ ಲೆಕ್ಕ ಮಾಡಿ ತೋರಿಸುತ್ತೇನೆ, ಬೇಸರಿಸಬೇಡಿ. ಎರಡು ಮಹಡಿ ಮನೆಯ ನಡುಗೋಡೆ, ದಪ್ಪ 230 ಮಿಲಿಮೀಟರ್, ಎರಡೂ ಬದಿಗೆ ಹನ್ನೊಂದು ಹನ್ನೆರಡಡಿ ಅಗಲದ ಕೋಣೆ. ಎರಡು ಸ್ಲ್ಯಾಬು, ನೆಲಹಾಸು, ಜನ, ಸಾಮಾನು, ಗೋಡೆಯ ಸ್ವಂತ ತೂಕ ಎಲ್ಲ ಕೂಡಿದರೆ ಗೋಡೆಯ ಬುಡದಲ್ಲಿ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 7 ಟನ್ ಬೀಳುತ್ತದೆ. ಅಂದರೆ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 0.3 ನ್ಯೂಟನ್ ಒತ್ತಡ. ಐಎಸ್ 1905ರ ಕೋಷ್ಟಕದ ಪ್ರಕಾರ 3.5 ವರ್ಗದ, ಅಂದರೆ ಬಿಡಿ ಇಟ್ಟಿಗೆ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ ತಡೆಯುವ, ಇಟ್ಟಿಗೆಯ ಗೋಡೆ ಹೊರಬಹುದಾದ ಮೂಲ ಒತ್ತಡ 0.35. ಗೋಡೆಯ ಎತ್ತರಕ್ಕೆ ತಕ್ಕಂತೆ ಅದರಲ್ಲಿ ಹತ್ತನೇ ಒಂದು ಭಾಗ ಕಳೆದರೆ ಉಳಿಯುವುದು 0.31. ಅಂಚಿಗೆ ಬಂದು ನಿಂತ ಹಾಗಾಯಿತು. ಅದೇ 5 ವರ್ಗದ ಇಟ್ಟಿಗೆ ತಂದರೆ ಸುಮಾರು 0.44 ಸಿಗುತ್ತದೆ, ನೆಮ್ಮದಿಯಾಗಿ ಉಸಿರಾಡಬಹುದು. ಹೀಗಾಗಿ ಪಿಲ್ಲರ್ ಇಲ್ಲದ ಎರಡು ಮಹಡಿಗೆ 5ಕ್ಕಿಂತ ಕಡಿಮೆ ವರ್ಗದ ಯಾವುದನ್ನೂ ನಾನು ಒಪ್ಪುವುದಿಲ್ಲ, ಅದು ಇಟ್ಟಿಗೆಯಾಗಲಿ ಬ್ಲಾಕಾಗಲಿ.

ಅದೇ ಕೋಷ್ಟಕದಲ್ಲಿ ಇನ್ನೊಂದು ಸ್ವಾರಸ್ಯ ಅಡಗಿದೆ. 3.5 ವರ್ಗದ ಇಟ್ಟಿಗೆಗೆ ನೀವು ಬಹಳ ಗಟ್ಟಿ ಗಾರೆ ಹಾಕಿದರೂ 0.35, ಒಂದಕ್ಕೆ ಆರರ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಸಿಮೆಂಟ್ ಗಾರೆ ಹಾಕಿದರೂ ಅದೇ 0.35. ಸುರಿದ ಸಿಮೆಂಟೆಲ್ಲ ಹೊಳೆಗೆ ಹುಣಸೇಹಣ್ಣು. 10 ವರ್ಗದ ಇಟ್ಟಿಗೆಯಾದರೆ ಗಾರೆಯ ವ್ಯತ್ಯಾಸ ಕಾಣುತ್ತದೆ: ಗಟ್ಟಿ ಗಾರೆಗೆ 1.00, ಒಂದಕ್ಕೆ ಆರಕ್ಕೆ 0.81. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ನಮ್ಮ ಕಡೆಯ ಇಟ್ಟಿಗೆ ಸಿಮೆಂಟ್ ಗಾರೆಗಿಂತ ಮೆತ್ತಗೆ. ಗಾರೆ ಬಿಗಿಯಾದಷ್ಟೂ ಬಿರುಕು ಸಂದಿಯಲ್ಲಿ ಹರಿದು ಹಂಚಿಹೋಗದೆ ಇಟ್ಟಿಗೆಯನ್ನೇ ಸೀಳುತ್ತದೆ. "ಸ್ಟ್ರಾಂಗ್ ಆಗಿ ಒಂದಕ್ಕೆ ಮೂರು ಹಾಕಿಸಿದ್ದೇನೆ" ಎಂದು ಹೆಮ್ಮೆಯಿಂದ ಹೇಳುವವರ ಮುಂದೆ ನಾನು ಸುಮ್ಮನೆ ತಲೆಯಾಡಿಸುತ್ತೇನೆ, ಆಗಲೇ ಕಟ್ಟಿಯಾಗಿರುತ್ತದಲ್ಲ. ಸಿಮೆಂಟು, ಸುಣ್ಣ, ಮರಳು 1:1:6 ಕಲಸಿದ ಗಾರೆ ಕೈಗೆ ಬೆಣ್ಣೆಯ ಹಾಗೆ ಸಿಗುತ್ತದೆ, ನೀರನ್ನೂ ಹಿಡಿದಿಡುತ್ತದೆ. ಆದರೆ ಸುಣ್ಣ ಹದ ಮಾಡಬಲ್ಲ ಗಾರೆಯವರು ಈಗ ಸಿಗುವುದೇ ಕಷ್ಟ.

ಸುಟ್ಟ ಇಟ್ಟಿಗೆ

ಐಎಸ್ 1077 ಇಟ್ಟಿಗೆಯನ್ನು 3.5ರಿಂದ 35ರವರೆಗೆ ವರ್ಗ ಮಾಡುತ್ತದೆ. 12.5 ವರ್ಗದವರೆಗಿನ ಇಟ್ಟಿಗೆ 24 ಗಂಟೆ ನೀರಿನಲ್ಲಿ ನೆನೆದಾಗ ತನ್ನ ಒಣ ತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ನೀರು ಕುಡಿಯಬಾರದು. ಇದನ್ನು ಮನೆಯಲ್ಲೇ ನೋಡಬಹುದು. ಲೋಡಿನಿಂದ ಅಲ್ಲೊಂದು ಇಲ್ಲೊಂದು ಐದು ಇಟ್ಟಿಗೆ ಆರಿಸಿ. ಮೇಲಿನ ಸಾಲಿನವನ್ನೇ ಎತ್ತಬೇಡಿ, ಚೆನ್ನಾಗಿ ಬೆಂದವನ್ನು ಅಲ್ಲೇ ಜೋಡಿಸಿರುತ್ತಾರೆ. ಎರಡು ಮೂರು ದಿನ ಬಿಸಿಲಿಗೆ ಒಣಗಿಸಿ, ತರಕಾರಿ ತಕ್ಕಡಿಯಲ್ಲಿ ತೂಗಿ, ಬಕೆಟ್ಟಿನಲ್ಲಿ ಒಂದು ದಿನ ಮುಳುಗಿಸಿ, ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. 2 ಕಿಲೋ 900 ಗ್ರಾಂ ಇದ್ದದ್ದು 3 ಕಿಲೋ 400 ಗ್ರಾಂ ಆದರೆ ನೂರಕ್ಕೆ 17, ಪಾಸು. 3 ಕಿಲೋ 480 ಗ್ರಾಂ ದಾಟಿದರೆ ಆ ಲಾರಿಯನ್ನು ಹಿಂದೆ ಕಳಿಸಿ. ಪ್ರಯೋಗಾಲಯದಲ್ಲಿ ಒಲೆಯಲ್ಲಿ ಒಣಗಿಸುತ್ತಾರೆ, ನಮ್ಮ ಬಿಸಿಲಿಗೆ ಅಷ್ಟು ಕರಾರುವಾಕ್ಕು ಇಲ್ಲ. ಆದರೂ ಕೆಟ್ಟ ಲೋಡು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನೆನೆಸಿದ ಇಟ್ಟಿಗೆ ಒಣಗಿದ ಮೇಲೆ ಬಿಳಿ ಉಪ್ಪು ಮೇಲೆದ್ದರೆ ಅದು ಇನ್ನೊಂದು ಎಚ್ಚರಿಕೆ. ಆ ಉಪ್ಪು ಮುಂದೆ ನಿಮ್ಮ ಬಣ್ಣವನ್ನು ಹೊಪ್ಪಳೆಯೆಬ್ಬಿಸುತ್ತದೆ.

ಇಟ್ಟಿಗೆಯ ಪರವಾಗಿ ಹೇಳಬೇಕಾದ್ದು: ಕ್ಷಮಾಗುಣ ಹೆಚ್ಚು. ಮೇಸ್ತ್ರಿ ಸ್ವಲ್ಪ ಎಡವಿದರೂ ಗೋಡೆ ನಿಲ್ಲುತ್ತದೆ, ಕಟ್ಟಿದ ಮೇಲೆ ಕುಗ್ಗುವುದು ಕಡಿಮೆ, ಮೊಳೆ ಹಿಡಿಯುತ್ತದೆ. ವಿರುದ್ಧವಾಗಿ ಹೇಳಬೇಕಾದ್ದು: ಕೆರೆಯ ಮಣ್ಣು ಮತ್ತು ಸೌದೆ ಎರಡನ್ನೂ ತಿಂದು ಹುಟ್ಟುವಂಥದ್ದು. ರಾಯಚೂರು, ಬಳ್ಳಾರಿ ಕಡೆಯವರಿಗೆ ಹಾರುಬೂದಿ ಇಟ್ಟಿಗೆ ಸುಲಭಕ್ಕೆ ಸಿಗುತ್ತದೆ. ಶಾಖೋತ್ಪನ್ನ ಸ್ಥಾವರದ ಬೂದಿ ಅಲ್ಲೇ ಇದೆ. ಅದಕ್ಕೆ ಐಎಸ್ 12894 ಎಂಬ ಬೇರೆಯೇ ಮಾನಕವಿದೆ. ಒಳ್ಳೆಯ ಕಡೆಯಿಂದ ಬಂದದ್ದಾದರೆ ಮೂಲೆ ಮೂಲೆ ನೇರ, ಗಾರೆ ಕಡಿಮೆ ಸಾಕು. ಕೆಟ್ಟದ್ದಾದರೆ ಉಗುರಿನಲ್ಲಿ ಕೆರೆದರೂ ಪುಡಿ ಉದುರುತ್ತದೆ. ನಡುವಿನದ್ದು ಕಡಿಮೆ.

ಸಿಮೆಂಟ್ ಬ್ಲಾಕ್

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಾನು ಪೆಟ್ಟು ತಿಂದದ್ದು ಇಲ್ಲೇ. ಸಾಲಿಡ್ ಬ್ಲಾಕಿಗೆ ಐಎಸ್ 2185ರ ಮೊದಲ ಭಾಗ ಅನ್ವಯ. ಅದರ ಮಾತು ಸರಳ: ಬ್ಲಾಕನ್ನು ಕನಿಷ್ಠ 14 ದಿನ ಒದ್ದೆಯಾಗಿಡಬೇಕು, ಆಮೇಲೆ ನಾಲ್ಕು ವಾರ ಒಣಗಲು ಬಿಟ್ಟು ನಂತರ ಗೋಡೆಗೆ ಏರಿಸಬೇಕು. ಅಂದರೆ ಅಚ್ಚಿನಿಂದ ಹೊರಬಂದ ಬ್ಲಾಕ್ ಗೋಡೆ ಸೇರಲು ಆರು ವಾರ. ನೀರು ಹೀರುವುದು ನೂರಕ್ಕೆ 10ರೊಳಗೆ, ಸಾಲಿಡ್ ಬ್ಲಾಕಿನ ಬಲ 4 ಅಥವಾ 5.

ವಾಸ್ತವ ಬೇರೆ. ಕೆಲವು ವರ್ಷದ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಮನೆಗೆ ಒಬ್ಬ ಸರಬರಾಜುದಾರ ಬ್ಲಾಕ್ ಇಳಿಸಿದ. ಕೈಯಿಟ್ಟರೆ ತಣ್ಣಗೆ, ಬಣ್ಣ ಇನ್ನೂ ಕಡುಬೂದು, ಮೂಲೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಮರಳು ಉದುರಿತು. ವಾರದ ಕೂಸು ಎಂದು ನನಗೆ ಗೊತ್ತಾಯಿತು. ಮಾಲೀಕರಿಗೆ ಗೃಹಪ್ರವೇಶದ ಮುಹೂರ್ತ ನಿಗದಿಯಾಗಿತ್ತು, ಗಾರೆಯವರು ಕಾಯುತ್ತಿದ್ದರು, ನಾನು ಬಾಯಿ ಮುಚ್ಚಿಕೊಂಡೆ. ಮುಂದಿನ ಏಪ್ರಿಲ್ ಹೊತ್ತಿಗೆ ಪ್ರತಿ ಕಿಟಕಿಯ ಮೂಲೆಯಿಂದ ಕೂದಲೆಳೆಯ ಸೀಳು ಕೆಳಗಿಳಿದಿತ್ತು. ಪ್ಲಾಸ್ಟರ್ ಕೆತ್ತಿ ನೋಡಿದರೆ ಬ್ಲಾಕು ಮತ್ತು ಗಾರೆಯ ನಡುವೆ ಸಂದು ಬಿಟ್ಟಿತ್ತು. ಬ್ಲಾಕ್ ಗೋಡೆಯೊಳಗೆ ಕೂತು ಒಣಗಿ ಕುಗ್ಗಿತ್ತು, ಅಷ್ಟೇ. ಮನೆ ಬೀಳುವುದಿಲ್ಲ, ಆದರೆ ಮಳೆ ಒಳಗೆ ಬರುತ್ತದೆ. ಮಾಲೀಕರು ಬೈದದ್ದು ನನ್ನನ್ನು, ಬೈಯಬೇಕಾದವನೂ ನಾನೇ.

ಅಂದಿನಿಂದ ಬ್ಲಾಕಿನ ಆರ್ಡರನ್ನು ಪಾಯ ತೋಡುವ ದಿನವೇ ಕೊಡಿಸುತ್ತೇನೆ. ಪಾಯ, ಅದರ ಮೇಲಿನ ಪ್ಲಿಂತ್ ಕಟ್ಟೆ ಮುಗಿಯುವಷ್ಟರಲ್ಲಿ ಆರು ವಾರ ಹೇಗೂ ಆಗುತ್ತದೆ. ಸೈಟಿನಲ್ಲಿ ಜಾಗವಿದ್ದರೆ ಅಲ್ಲೇ ಇಳಿಸಿಕೊಂಡು, ನೀರು ಹಾಕಿ, ಆಮೇಲೆ ಬಿಟ್ಟುಬಿಡುವುದು. ಬೆಂಗಳೂರಿನ ಗಲ್ಲಿಯಲ್ಲಿ ಅಷ್ಟು ಜಾಗ ಇರುವುದಿಲ್ಲ ಎಂಬುದೂ ನಿಜ. ಆಗ ಫ್ಯಾಕ್ಟರಿಗೆ ಹೋಗಿ ನಿಮ್ಮ ಲಾಟಿನ ಮೇಲೆ ಸುಣ್ಣದಲ್ಲಿ ತಾರೀಖು ಬರೆಸಿ ಬನ್ನಿ.

ಬ್ಲಾಕಿನ ಲಾಭ ವೇಗ. ಒಂದು ಘನಮೀಟರ್ ಗೋಡೆಗೆ 190×90×90 ಅಳತೆಯ ಇಟ್ಟಿಗೆ 500 ಬೇಕು, 400×200×200 ಬ್ಲಾಕಾದರೆ 62ರಷ್ಟು ಸಾಕು. ಆದರೆ ಒಂದು ಚದರ ಮೀಟರ್ ಗೋಡೆ 400 ಕಿಲೋ ತೂಗುತ್ತದೆ, ಬಿಸಿಲಿನ ಕಾವನ್ನು ಒಳಗೆ ಬಿಡುವುದರಲ್ಲಿ ಎಲ್ಲರಿಗಿಂತ ಮುಂದು. ನನ್ನ ಲೆಕ್ಕದಲ್ಲಿ ಇದು ಕೆಟ್ಟ ಸಾಮಗ್ರಿಯಲ್ಲ, ಅವಸರದವರ ಕೈಯಲ್ಲಿ ಕೆಡುವ ಸಾಮಗ್ರಿ.

ಎಎಸಿ

ಎಎಸಿ, ಅಂದರೆ ಆಟೋಕ್ಲೇವ್ಡ್ ಏರೇಟೆಡ್ ಕಾಂಕ್ರೀಟ್: ಒಳಗೆ ಗಾಳಿಗುಳ್ಳೆ ತುಂಬಿಸಿ ಹಬೆಯಲ್ಲಿ ಬೇಯಿಸಿದ ಬ್ಲಾಕು. ತೇಲುವ ಬ್ಲಾಕ್, ಹಗುರ ಬ್ಲಾಕ್ ಎಂದೆಲ್ಲ ಕರೆಯುವುದು ಇದನ್ನೇ. ಐಎಸ್ 2185ರ ಮೂರನೇ ಭಾಗ ಇದನ್ನು ಸಾಂದ್ರತೆಯ ಮೇಲೆ ವಿಂಗಡಿಸುತ್ತದೆ. ಘನಮೀಟರಿಗೆ 551ರಿಂದ 650 ಕಿಲೋ ತೂಗುವ ಬ್ಲಾಕಿಗೆ ಮೊದಲ ಗ್ರೇಡಿನಲ್ಲಿ ಬಲ 4, ಎರಡನೆಯದರಲ್ಲಿ 3. ಅದಕ್ಕಿಂತ ಹಗುರವಾದ 451ರಿಂದ 550ರ ಗುಂಪಿನಲ್ಲಿ ಬಲ 2 ಮತ್ತು 1.5 ಮಾತ್ರ. ಅಂಗಡಿಯವನು "ಎಎಸಿ" ಎಂದಷ್ಟೇ ಹೇಳಿದರೆ ಇವುಗಳಲ್ಲಿ ಯಾವುದು ಎಂದು ಕೇಳಿ. ಮುಖ ನೋಡುತ್ತಾ ನಿಂತರೆ ಬೇರೆ ಅಂಗಡಿಗೆ ಹೋಗಿ.

ಭಾರ ಹೊರುವ ಗೋಡೆಗೆ ನಾನು ಹಾಕಿದ ಗೆರೆ 5 ಎಂದೆನಲ್ಲ, ಆದ್ದರಿಂದ ಸಾಮಾನ್ಯ ಎಎಸಿ ಅಲ್ಲಿ ಹೊರಗೇ ಉಳಿಯಿತು. ಪಿಲ್ಲರ್ ಮನೆಯ ಮರೆಯ ಗೋಡೆಗೆ ಮಾತ್ರ ಇದು ರಾಜ. 200 ಮಿಲಿಮೀಟರ್ ದಪ್ಪದ ಗೋಡೆ ಚದರ ಮೀಟರಿಗೆ 120-130 ಕಿಲೋ, ಸಾಲಿಡ್ ಬ್ಲಾಕಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಈ ಉಳಿತಾಯ ಪಾಯದ ಕಬ್ಬಿಣದಲ್ಲಿ ಕಾಣಬೇಕು. ಆದರೆ ವಿನ್ಯಾಸ ಮಾಡುವ ಇಂಜಿನಿಯರಿಗೆ ಮೊದಲೇ ಹೇಳಿರಬೇಕು. ಇಟ್ಟಿಗೆ ಎಂದು ಲೆಕ್ಕ ಹಾಕಿ ಪಾಯ ಹಾಕಿದ ಮೇಲೆ ಎಎಸಿ ತಂದರೆ ಪಾಯದಲ್ಲಿ ಉಳಿದದ್ದೇನೂ ಇಲ್ಲ.

ಕುಗ್ಗುವಿಕೆಯ ಮಾತು ಇಲ್ಲಿ ಜೋರು. ಮೊದಲ ಗ್ರೇಡಿಗೆ ಮಾನಕ ಒಪ್ಪುವ ಮಿತಿ ನೂರಕ್ಕೆ 0.05, ಎರಡನೆಯದಕ್ಕೆ 0.1. ಕೇಳಲು ಏನೂ ಅಲ್ಲ. 5 ಮೀಟರ್ ಉದ್ದದ ಗೋಡೆಗೆ ಹಾಕಿ ನೋಡಿ: ಎರಡೂವರೆ ಮಿಲಿಮೀಟರ್, ಅಥವಾ ಐದು. ಐದು ಮಿಲಿಮೀಟರ್ ಎಂದರೆ ಪೆನ್ಸಿಲ್ ತೂರಿಸುವಷ್ಟರ ಹತ್ತಿರಕ್ಕೆ ಬಂತು. ಪಿಲ್ಲರಿಗೂ ಗೋಡೆಗೂ ಸೇರುವಲ್ಲಿ ನೇರ ಗೆರೆಯ ಬಿರುಕು ಕಾಣುವುದು ಇದರಿಂದಲೇ. ಅಲ್ಲಿ ಜಾಲರಿ ಹೊಡೆದು ಪ್ಲಾಸ್ಟರ್ ಮಾಡಬೇಕು. ಇಟ್ಟಿಗೆಯ ಹಾಗೆ ಬಕೆಟ್ಟಿನಲ್ಲಿ ಮುಳುಗಿಸಬಾರದು, ಮೈ ಮೇಲೆ ನೀರು ಚಿಮುಕಿಸಿದರೆ ಸಾಕು. ಮಳೆಯಲ್ಲಿ ರಾಶಿ ಹಾಕಿ ಬಿಟ್ಟರೆ ಸ್ಪಂಜಿನ ಹಾಗೆ ಕುಡಿದು ಕೂರುತ್ತದೆ, ಟಾರ್ಪಾಲು ಬೇಕೇ ಬೇಕು. ಇನ್ನು ಅಡುಗೆಮನೆಯ ತೂಗು ಕಪಾಟು, ಗೀಸರ್ ಇವಕ್ಕೆ ಇದರದ್ದೇ ಆದ ಪ್ಲಗ್ ಬರುತ್ತದೆ. ಸಾಮಾನ್ಯ ಮೊಳೆ ಹೊಡೆದವರ ಗಡಿಯಾರ ನೆಲದ ಮೇಲೆ.

ಮಣ್ಣಿನ ಬ್ಲಾಕು ಮತ್ತು ಮುರಕಲ್ಲು

ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಬ್ಲಾಕನ್ನು ಬೆಳೆಸಿದ್ದರಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸಲೆಂದು ಶುರುವಾದ ಅಸ್ತ್ರ ಎಂಬ ಕೇಂದ್ರ ಕೈಯಿಂದ ಒತ್ತುವ ಯಂತ್ರವನ್ನು ರೂಪಿಸಿತು. ಇದಕ್ಕೂ ಐಎಸ್ 1725 ಎಂಬ ಮಾನಕವಿದೆ. "ಮಣ್ಣಿನ ಮನೆ" ಎಂದು ಮೂಗು ಮುರಿಯುವವರಿಗೆ ಇದು ಗೊತ್ತಿರಲಿ. ಕಿತ್ತಳೆ ಮಿಶ್ರಿತ ಕೆಂಪು ಮಣ್ಣು, ಅದರಲ್ಲಿ ಜೇಡಿ ಕಡಿಮೆ ಮರಳು ಹೆಚ್ಚು ಇದ್ದರೆ ಕೆಲಸ ಸಲೀಸು. ಗಾಜಿನ ಬಾಟಲಿಗೆ ಅರ್ಧ ಮಣ್ಣು, ಮೇಲೆ ನೀರು ಹಾಕಿ ಕುಲುಕಿ ಇಟ್ಟರೆ ಮರಳು ಕೆಳಗೆ, ಜೇಡಿ ಮೇಲೆ ಪದರ ಕಟ್ಟುತ್ತದೆ. ಮರಳಿನ ಪದರ ಮುಕ್ಕಾಲು ಪಾಲಿನ ಹತ್ತಿರ ಇದ್ದರೆ ನಿಮ್ಮ ಪಾಯದಿಂದ ತೆಗೆದ ಮಣ್ಣೇ ನಿಮ್ಮ ಗೋಡೆ. ಜೇಡಿ ಹೆಚ್ಚಿದ್ದರೆ ಕಲ್ಲುಪುಡಿ ಬೆರೆಸಬೇಕು. ಎರೆಮಣ್ಣಿನ ಊರಿನವರು ಇದರ ಆಸೆ ಬಿಡಿ. ಹಿಗ್ಗಿ ಕುಗ್ಗುವ ಆ ಜೇಡಿಯನ್ನು ಸಿಮೆಂಟ್ ಹಿಡಿದಿಡಲಾರದು.

ಬ್ಲಾಕಿನ ಬಲವನ್ನು ನೆನೆಸಿದ ಮೇಲೆಯೇ ಪರೀಕ್ಷಿಸಬೇಕು. ಒಣಗಿದ್ದಾಗ ಬಲ ಎಷ್ಟೆಂದು ಹೇಳುವವನ ಮಾತಿಗೆ ಬೆಲೆ ಇಲ್ಲ. ನನಗೆ ವೈಯಕ್ತಿಕವಾಗಿ ಇಷ್ಟವಾದ ಗೋಡೆ ಇದು, ಪ್ಲಾಸ್ಟರ್ ಇಲ್ಲದೆ ಬಿಟ್ಟರೂ ಚೆಂದ. ಆದರೆ ಸೈಟಿನಲ್ಲಿ ದಿನವೂ ನಿಂತು ಮಣ್ಣಿನ ಹದ, ನೀರಿನ ಹದ ನೋಡುವವರು ಬೇಕು. ದೂರದ ಊರಿನಲ್ಲಿ ಕೂತು ವಾಟ್ಸಾಪ್ ಫೋಟೋದಲ್ಲಿ ಮನೆ ಕಟ್ಟಿಸುವವರಿಗೆ ಇದನ್ನು ಹೇಳಲಾರೆ. ನಿಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ, ಕೆಲಸ ಬಲ್ಲವರು ಅಲ್ಲಿಂದ ಸಿಕ್ಕಾರು.

ಕರಾವಳಿಯವರಿಗೆ ಮುರಕಲ್ಲು, ಉತ್ತರ ಕನ್ನಡದ ಚಿರೆಕಲ್ಲು ಇದ್ದೇ ಇದೆ. ಹೊಸದಾಗಿ ಕಡಿದ ಕಲ್ಲು ಮೆತ್ತಗೆ, ಗಾಳಿಗೆ ಬಿಟ್ಟಷ್ಟೂ ಬಿರುಸು. ಇದಕ್ಕೂ ಐಎಸ್ 3620 ಎಂಬ ಸಂಖ್ಯೆಯಿದೆ. ಕಲ್ಲಿನ ಮೈಯಲ್ಲಿ ಬಿಳಿ ಜೇಡಿಯ ಗುಂಡಿಗಳು ಹೆಚ್ಚಿದ್ದರೆ ತೆಗೆದುಕೊಳ್ಳಬೇಡಿ. ಕರಾವಳಿಯಲ್ಲಿ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ್ದು ಗೋಡೆಗಲ್ಲ, ಕಾಂಕ್ರೀಟಿಗೆ. ಐಎಸ್ 456 ಒಳನಾಡಿನ ಸಾಧಾರಣ ಸ್ಥಿತಿಗೆ ಎಂ20 ದರ್ಜೆಯ ಕಾಂಕ್ರೀಟು, ಕಬ್ಬಿಣದ ಮೇಲೆ 20 ಮಿಲಿಮೀಟರ್ ಹೊದಿಕೆ ಸಾಕೆನ್ನುತ್ತದೆ. ಕಡಲ ಗಾಳಿಗೆ ಒಡ್ಡಿಕೊಂಡದ್ದಕ್ಕೆ ಎಂ30 ಮತ್ತು 45 ಮಿಲಿಮೀಟರ್ ಕೇಳುತ್ತದೆ. ಮಲ್ಪೆ, ಕಾರವಾರದ ಸಜ್ಜಾಗಳಿಂದ ಸಿಪ್ಪೆ ಕಳಚಿ ತುಕ್ಕು ಹಿಡಿದ ಸರಳು ಹೊರಗಿಣುಕುವುದನ್ನು ನೋಡಿದವರಿಗೆ ಈ 25 ಮಿಲಿಮೀಟರಿನ ವ್ಯತ್ಯಾಸ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಎರೆ ನೆಲದವರ ಮಾತು

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆಯವರೇ, ನಿಮಗೆ ಇಷ್ಟು ಹೊತ್ತು ಹೇಳಿದ್ದೆಲ್ಲ ಎರಡನೇ ಮಾತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ನೆಲ ಮಳೆಗಾಲದಲ್ಲಿ ಹಿಗ್ಗಿ ಪಾಯವನ್ನೇ ಎತ್ತುತ್ತದೆ. ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು, ಏಪ್ರಿಲಿನಲ್ಲಿ ಬಾಯಿ ಬಿಟ್ಟು ಆಗಸ್ಟಿನಲ್ಲಿ ಮುಚ್ಚಿಕೊಳ್ಳುವುದು ಕಂಡರೆ ಇಟ್ಟಿಗೆಯನ್ನು ಬೈಯಬೇಡಿ. ಸಿಬಿಆರ್‌ಐ ಬೆಳೆಸಿದ ಬುಗುಟು ಪೈಲು, ಅಂದರೆ ಅಂಡರ್ ರೀಮ್ಡ್ ಪೈಲ್, ಇಂಥ ನೆಲಕ್ಕೆಂದೇ ಇದೆ. ಕೊಳವೆಯಂತೆ ರಂಧ್ರ ಕೊರೆದು, ತಳದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆಯಾಗುವಂತೆ ಅಗಲಿಸಿ, ಕಬ್ಬಿಣವಿಟ್ಟು ಕಾಂಕ್ರೀಟ್ ತುಂಬುವುದು. ಋತುವಿನೊಂದಿಗೆ ಹಿಗ್ಗಿ ಕುಗ್ಗುವ ಪದರದ ಕೆಳಗೆ ಆ ಗಡ್ಡೆ ಬೇರಿನಂತೆ ಕಚ್ಚಿ ಕೂರುತ್ತದೆ. ಐಎಸ್ 2911ರ ಮೂರನೇ ಭಾಗ ಆಳವಾದ ಎರೆಯಲ್ಲಿ ಕನಿಷ್ಠ ಮೂರೂವರೆ ಮೀಟರ್ ಉದ್ದ ಕೇಳುತ್ತದೆ. ಪೈಲುಗಳ ತಲೆಗೆ ತೊಲೆ ಕಟ್ಟಿ ಗೋಡೆ ಎಬ್ಬಿಸುವಾಗ ತೊಲೆಯ ಕೆಳಗೆ ಅಂತರ ಬಿಡಬೇಕು, ಮಣ್ಣು ಹಿಗ್ಗಿದರೂ ತೊಲೆಯನ್ನು ಮುಟ್ಟಬಾರದು. ಎರೆ ಕೇವಲ ನಾಲ್ಕೈದು ಅಡಿ ಇದ್ದು ಕೆಳಗೆ ಗರಸು ಸಿಕ್ಕರೆ ಇದ್ಯಾವುದೂ ಬೇಡ, ಎರೆ ತೆಗೆದು ಗರಸಿನ ಮೇಲೆ ಪಾಯ ಹಾಕಿ.

ಈ ಭಾಗದವರು ನೆನಪಿಡಬೇಕಾದ ಇನ್ನೊಂದು ತಾರೀಖು 1993ರ ಸೆಪ್ಟೆಂಬರ್ 30. ಬೀದರ್ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಬೆಳಗಿನ ಜಾವ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಗಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಸುರಕ್ಷಿತವೆಂದು ಗುರುತಿಸಿದ ಒಂದನೇ ವಲಯದಲ್ಲಿತ್ತು. 2002ರ ಐಎಸ್ 1893ರಲ್ಲಿ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ಕೊಂದದ್ದು ಕಲ್ಲು ಮತ್ತು ಕೆಸರಿನ ದಪ್ಪ ಗೋಡೆಗಳು: ಒಳಗೊಂದು ಪದರ, ಹೊರಗೊಂದು ಪದರ, ನಡುವೆ ಚೂರುಗಲ್ಲು, ಎರಡನ್ನೂ ಹಿಡಿದಿಡುವ ಅಡ್ಡಗಲ್ಲು ಇಲ್ಲ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಅಂಥ ಗೋಡೆ ಈಗಲೂ ನಿಂತಿವೆ. ಐಎಸ್ 4326 ಹೇಳುವ ಮದ್ದು ದುಬಾರಿಯದ್ದಲ್ಲ. ಪ್ಲಿಂತ್ ಮಟ್ಟದಲ್ಲಿ ಒಂದು, ಬಾಗಿಲು ಕಿಟಕಿಯ ತಲೆಯ ಮೇಲಿನ ಲಿಂಟಲ್ ಮಟ್ಟದಲ್ಲಿ ಒಂದು, ಕಬ್ಬಿಣವಿಟ್ಟ ಕಾಂಕ್ರೀಟ್ ಪಟ್ಟಿ ಇಡೀ ಮನೆಯನ್ನು ಸೊಂಟಪಟ್ಟಿಯಂತೆ ಸುತ್ತಬೇಕು. ಕಿಟಕಿಯ ಮೇಲೆ ಮಾತ್ರ ತುಂಡು ತುಂಡು ಲಿಂಟಲ್ ಹಾಕುವ ಮೇಸ್ತ್ರಿಗೆ "ಸುತ್ತ ಎಳೆಯಿರಿ" ಎನ್ನಿ. 2016ರ ಆವೃತ್ತಿಯಲ್ಲಿ ಬೆಂಗಳೂರು ಎರಡನೇ ವಲಯ, ಮಂಗಳೂರು ಮತ್ತು ಬೆಳಗಾವಿ ಮೂರನೇ ವಲಯ. ಗೋಡೆ ಯಾವುದೇ ಆಗಲಿ, ಈ ಪಟ್ಟಿ ಬಿಡಬೇಡಿ.

ಕಾವು ಮತ್ತು ಹೊಸ ಪ್ಯಾನೆಲ್ಲುಗಳು

2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಮನೆಯೊಳಕ್ಕೆ ಬರುವ ಶಾಖಕ್ಕೆ ಮಿತಿ ಹಾಕಿತು. ಚಾವಣಿಯ ಶಾಖ ಸಾಗಣೆ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 1.2 ವಾಟ್ ಮೀರಬಾರದು ಎನ್ನುತ್ತದೆ. ಬರೀ ಆರ್‌ಸಿಸಿ ಸ್ಲ್ಯಾಬಿನದ್ದು 3ಕ್ಕಿಂತ ಮೇಲೆ. ಗೋಡೆಯ ಲೆಕ್ಕದಲ್ಲಿ ಒಂಬತ್ತಿಂಚು ಇಟ್ಟಿಗೆಯದ್ದು 2ರ ಆಸುಪಾಸು, 200 ಮಿಲಿಮೀಟರ್ ಎಎಸಿಯದ್ದು 1ರೊಳಗೆ. ಇದನ್ನು ನೋಡಿ ಎಎಸಿಗೆ ಓಡುವ ಮೊದಲು ಒಂದು ಮಾತು: ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಗೋಡೆಗೆ ಹೆಚ್ಚು ಹಣ ಸುರಿದು ಸ್ಲ್ಯಾಬನ್ನು ಬೋಳಾಗಿ ಬಿಡುವುದು ಛತ್ರಿ ಮಡಚಿಟ್ಟು ರೇನ್‌ಕೋಟ್ ತೊಟ್ಟ ಹಾಗೆ. ಇದ್ದಷ್ಟು ದುಡ್ಡಿನಲ್ಲಿ ಮೊದಲು ಚಾವಣಿಗೆ ಶಾಖ ತಡೆಯುವ ಪದರ, ಮಿಕ್ಕಿದ್ದು ಪಶ್ಚಿಮದ ಗೋಡೆಗೆ. ರಾಯಚೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ, ಬೆಂಗಳೂರಿನವರಿಗೂ ಈಗೀಗ ಆಗುತ್ತಿದೆ.

ಪ್ಯಾನೆಲ್ ಮನೆಗಳ ಬಗ್ಗೆ ಉದ್ದ ಹೇಳುವುದಿಲ್ಲ. 2021ರ ಜನವರಿ 1ರಂದು ಕೇಂದ್ರ ಸರ್ಕಾರ ಇಂದೋರ್, ರಾಜ್‌ಕೋಟ್, ಚೆನ್ನೈ, ರಾಂಚಿ, ಅಗರ್ತಲಾ, ಲಕ್ನೋ ಈ ಆರು ಕಡೆ ಬೇರೆ ಬೇರೆ ತಂತ್ರದಲ್ಲಿ ತಲಾ ಸಾವಿರದಷ್ಟು ಮನೆ ಕಟ್ಟುವ ಲೈಟ್‌ಹೌಸ್ ಯೋಜನೆಗೆ ಅಡಿಗಲ್ಲು ಹಾಕಿತು. ಅಚ್ಚು, ಕ್ರೇನು, ಕಾರ್ಖಾನೆ ಎಲ್ಲದರ ಖರ್ಚು ಸಾವಿರ ಮನೆಗೆ ಹಂಚಿದಾಗ ಸರಿಹೋಗುತ್ತದೆ. ಒಂದೇ ಮನೆಗೆ, ಅದೂ ಕ್ರೇನ್ ತಿರುಗದ ಅಡ್ಡರಸ್ತೆಯಲ್ಲಿ, ಅದು ಹೊರೆ. ಯಾರಾದರೂ ಹೊಸ ಪ್ಯಾನೆಲ್ ತಂದು ಒಪ್ಪಿಸಲು ಕೂತರೆ ಬಿಎಂಟಿಪಿಸಿಯ ಪ್ರಮಾಣಪತ್ರ ತೋರಿಸಿ ಎನ್ನಿ. ಅದರಲ್ಲಿ ಎಷ್ಟು ಮಹಡಿಗೆ, ಯಾವ ಬಳಕೆಗೆ, ಯಾವ ತಾರೀಖಿನವರೆಗೆ ಎಂದು ಓದಿ. ಮರೆಯ ಗೋಡೆಗೆ ಪಡೆದ ಪತ್ರ ತೋರಿಸಿ ಭಾರ ಹೊರುವ ಗೋಡೆ ಮಾರುವವರೂ ಇದ್ದಾರೆ.

ಹಾಗಾದರೆ ನಾನಾಗಿದ್ದರೆ? ಕೆಂಪು ನೆಲ, ಎರಡೇ ಮಹಡಿ, ಸೈಟಿನ ಹತ್ತಿರವೇ ವಾಸ ಇದ್ದರೆ, ನೆನೆಸಿದ ಮೇಲೂ ಬಲ 5 ಮುಟ್ಟುವ ಮಣ್ಣಿನ ಬ್ಲಾಕಿನ ಭಾರ ಹೊರುವ ಗೋಡೆ. ಹತ್ತಿರ ಇರಲಾಗದಿದ್ದರೆ ಪರೀಕ್ಷೆ ಪಾಸಾದ ಇಟ್ಟಿಗೆ. ಪಿಲ್ಲರ್ ಮನೆ, ಮೂರನೇ ಮಹಡಿಯ ಆಸೆ ಇದ್ದರೆ ಮೊದಲ ಗ್ರೇಡಿನ ಎಎಸಿ. ಎರೆಯಲ್ಲಿ ಪೈಲು, ತೊಲೆ, ಮೇಲೆ ಹಗುರವಾದದ್ದು ಏನಾದರೂ. ಕರಾವಳಿಯಲ್ಲಿ ಮುರಕಲ್ಲು. ಸಾಲಿಡ್ ಬ್ಲಾಕು ಆರು ವಾರ ಕಾಯುವ ಬುದ್ಧಿ ಇದ್ದರೆ ಮಾತ್ರ.

ಬೆಲೆ ಹೋಲಿಸುವಾಗ ಒಂದರ ಬೆಲೆಯನ್ನು ಇನ್ನೊಂದರ ಬೆಲೆಯ ಪಕ್ಕಕ್ಕಿಡಬೇಡಿ, ಗಾತ್ರ ಬೇರೆ ಬೇರೆ. ಒಂದು ಚದರ ಮೀಟರ್ ಗೋಡೆ ಎಬ್ಬಿಸಿ, ಎರಡೂ ಬದಿ ಪ್ಲಾಸ್ಟರ್ ಮುಗಿಸಲು ಸಾಮಗ್ರಿ, ಗಾರೆ, ಕೂಲಿ, ಸಾಗಣೆ ಕೂಡಿ ಎಷ್ಟಾಯಿತು ಎಂದು ಮೇಸ್ತ್ರಿಯ ಹತ್ತಿರ ಬರೆಸಿಕೊಳ್ಳಿ. ಲೋಡು ಬರುವ ದಿನ ಬಕೆಟ್ಟು, ತಕ್ಕಡಿ ಸೈಟಿನಲ್ಲಿರಲಿ. ಡ್ರೈವರ್ ಗೊಣಗುತ್ತಾನೆ, ಐದು ಇಟ್ಟಿಗೆ ಆರಿಸುವವರೆಗೆ ಒಂದು ಟೀ ಕುಡಿಸಿ ಕೂರಿಸಿ.